ಧೂಳು ಮೆತ್ತಿದ ಲೇಸರ್ ಕಣ್ಣು

ಶಹಾಬಾದಿನ ಫರಸಿಕಲ್ಲು, ವಾಡಿಯ ಸಿಮೆಂಟು, ಸೇಡಂ-ಚಿತ್ತಾಪುರದ ಸುಣ್ಣಕಲ್ಲು ಗಣಿ ಇವೆಲ್ಲ ಇರುವಲ್ಲಿ ಧೂಳೂ ಇದ್ದೇ ಇರುತ್ತದೆ. ಕಲ್ಲು ಹೇರಿದ ಲಾರಿ ಮುಂದೆ ಹೋದರೆ ಹಿಂದಿನ ಬೈಕ್ ಸವಾರ ಕಣ್ಣು ಕಿರಿದು ಮಾಡಿ ವೇಗ ತಗ್ಗಿಸುತ್ತಾನೆ. ಇದೇ ರಸ್ತೆಗೆ ಲೇಸರ್ ಕಣ್ಣಿನ ಕಾರು ಬಂದರೆ ಏನು ಮಾಡೀತು?

ಈ ಕಣ್ಣಿನ ಹೆಸರು ‘ಲೈಡಾರ್’. ಅದು ನಮಗೆ ಕಾಣದ ಅವಕೆಂಪು ಬೆಳಕನ್ನು ಸೆಕೆಂಡಿಗೆ ಲಕ್ಷಾಂತರ ಸಲ ಚಿಮ್ಮಿಸುತ್ತದೆ. ಎದುರಿನ ವಸ್ತುವಿಗೆ ಬಡಿದ ಬೆಳಕು ಮರಳಲು ಹಿಡಿದ ಸಮಯದಿಂದ ದೂರವನ್ನು ಲೆಕ್ಕ ಹಾಕುತ್ತದೆ. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ. ಹಾಗಾಗಿ 30 ಮೀಟರ್ ಆಚೆಯ ಎತ್ತಿನ ಗಾಡಿಯನ್ನು ಮುಟ್ಟಿ ಬರಲು ಸೆಕೆಂಡಿನ 50 ಲಕ್ಷದಲ್ಲೊಂದು ಪಾಲು ಸಾಕು.

ಈ ಕಣ್ಣಿನ ಗಾಜಿಗೆ ಧೂಳು ಮೆತ್ತಿ, ನೂರಕ್ಕೆ 70 ಪಾಲು ಬೆಳಕಷ್ಟೇ ದಾಟುತ್ತದೆ ಎನ್ನಿ. ಹೋಗುವಾಗ ಉಳಿದದ್ದು 70. ಮರಳುವಾಗಲೂ ಅದೇ ಗಾಜನ್ನು ದಾಟಬೇಕಲ್ಲ, ಆಗ ಉಳಿಯುವುದು 49. ದೂರ ಇಮ್ಮಡಿಯಾದರೆ ಮರಳುವ ಬೆಳಕು ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಈ ಲೆಕ್ಕದಲ್ಲಿ 100 ಮೀಟರ್ ಕಾಣುತ್ತಿದ್ದ ಕಣ್ಣು 70 ಮೀಟರಿಗೇ ನಿಲ್ಲುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಕಾರು ಆ 30 ಮೀಟರನ್ನು ಎರಡು ಸೆಕೆಂಡಿನೊಳಗೇ ದಾಟಿರುತ್ತದೆ. ಶಾಲೆ ಬಿಟ್ಟ ಮಗು ರಸ್ತೆಗೆ ಇಳಿದಾಗ ಜೀವ ಉಳಿಸುವುದು ಅಂಥ ಎರಡು ಸೆಕೆಂಡುಗಳೇ.

ಗಾಳಿಯಲ್ಲಿ ತೇಲುವ ಧೂಳಿನ ಕಾಟ ಬೇರೆ. ದಟ್ಟ ಧೂಳಿನ ಕಣಗಳೇ ಬೆಳಕನ್ನು ಮರಳಿಸುವುದರಿಂದ ಯಂತ್ರಕ್ಕೆ ಅಲ್ಲೊಂದು ಗೋಡೆ ಇದ್ದಂತೆ ತೋರಬಹುದು. ಮಂಜಿನ ಹನಿಗಳು ಸಣ್ಣವಾದರೂ ಅಸಂಖ್ಯ. ಅದಕ್ಕೇ ಸಾಧಾರಣ ಮಳೆಗಿಂತ ದಟ್ಟ ಮಂಜೇ ಹೆಚ್ಚು ತೊಡಕು. ಗಾಜಿಗೆ ಅಂಟಿದ ಮಳೆಹನಿ ಮಸೂರದಂತೆ ಕಿರಣವನ್ನು ಬಾಗಿಸುತ್ತದೆ. ಚಿಂಚೋಳಿ ಕಡೆಯ ಎರೆಹೊಲದ ಕೆಸರು ಸಿಡಿದರಂತೂ ಕಣ್ಣು ಮುಚ್ಚಿದ ಹಾಗೆಯೇ.

ಪರಿಹಾರ ಇಲ್ಲದಿಲ್ಲ. ಒಂದೇ ಸಲ ಚಿಮ್ಮಿದ ಬೆಳಕಿಗೆ ಹಲವು ಪ್ರತಿಫಲನ ಬಂದರೆ ಮೊದಲನೆಯದು ಧೂಳಿನದು, ಕೊನೆಯದು ಗಟ್ಟಿ ವಸ್ತುವಿನದು ಎಂದು ಊಹಿಸಬಹುದು. ಕ್ಯಾಮೆರಾ, ರೇಡಾರ್‌ಗಳ ನೆರವೂ ಉಂಟು. ವಾಹನಗಳ ರೇಡಾರ್ ಅಲೆಯ ಉದ್ದ ಸುಮಾರು 4 ಮಿ.ಮೀ. ಇರುವುದರಿಂದ ಅದು ಧೂಳು, ಮಂಜುಗಳನ್ನು ಸಲೀಸಾಗಿ ದಾಟುತ್ತದೆ. ಆದರೆ ಲೈಡಾರಿನಷ್ಟು ಸೂಕ್ಷ್ಮವಾಗಿ ಆಕಾರ ಗುರುತಿಸದು. 2005ರಲ್ಲಿ ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ 212 ಕಿ.ಮೀ. ದೂರವನ್ನು ಚಾಲಕನಿಲ್ಲದೆ ಕ್ರಮಿಸಿ ಗೆದ್ದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ‘ಸ್ಟ್ಯಾನ್ಲಿ’ ಕಾರು ಐದು ಲೇಸರ್ ಕಣ್ಣುಗಳ ಜೊತೆಗೆ ಕ್ಯಾಮೆರಾವನ್ನೂ ಬಳಸಿತ್ತು.

ಇಷ್ಟಾದರೂ ಗಾಜು ಶುಚಿಯಾಗಿರಬೇಕು. ಅದಕ್ಕೆಂದೇ ಗಾಳಿ ಊದುವ, ನೀರು ಚಿಮ್ಮಿಸುವ ಸಾಧನಗಳನ್ನು ಅಳವಡಿಸುವುದುಂಟು. ಸಿಮೆಂಟಿನ ಧೂಳು ಇಬ್ಬನಿಯಲ್ಲಿ ನೆನೆದರೆ ಗಾಜಿನ ಮೇಲೆ ಗಟ್ಟಿಯಾಗಿ ಕೂರುತ್ತದೆ. ಒಣ ಬಟ್ಟೆಯಿಂದ ತಿಕ್ಕಿದರೆ ಧೂಳಿನಲ್ಲಿರುವ ಮರಳಿನ ಕಣಗಳು ಗೀರು ಹಾಕುತ್ತವೆ. ಮೊದಲು ಧೂಳನ್ನು ಊದಿ, ಆಮೇಲೆ ಧಾರಾಳ ನೀರಿನಿಂದ ತೊಳೆಯುವುದೇ ಸರಿ. ಅಪ್ಪನ ಹೆಲ್ಮೆಟ್ಟಿನ ಮುಂಗಾಜಿಗೂ ಇದೇ ಕ್ರಮ ಒಳ್ಳೆಯದು. ಈ ಕೆಲಸವನ್ನು ಮಕ್ಕಳೇ ವಹಿಸಿಕೊಳ್ಳಬಹುದು.