ಅಳೆದ ಅಂಕಿಯೋ, ಕಳೆದ ಅಂಕಿಯೋ?

ಮನೆಯ ಹಿರಿಯರ ರಕ್ತಪರೀಕ್ಷೆಯ ವರದಿಯನ್ನು ವಿದ್ಯಾರ್ಥಿಗಳಲ್ಲಿ ಅನೇಕರು ನೋಡಿರಬಹುದು. ‘ಎಲ್‌ಡಿಎಲ್ ಕೊಲೆಸ್ಟೆರಾಲ್’ ಎಂಬುದರ ಮುಂದೆ 125 ಎಂದು ಅಚ್ಚಾಗಿದೆಯೆನ್ನೋಣ. ಯಂತ್ರವೊಂದು ಅದನ್ನು ಅಳೆದು ಹೇಳಿತೆಂದೇ ಎಲ್ಲರ ನಂಬಿಕೆ. ಆದರೆ ಅನೇಕ ವೇಳೆ ಅದು ಅಳೆದುದಲ್ಲ, ಕಳೆದು ಪಡೆದುದು. ಈ ಸಂಗತಿಯನ್ನು ವರದಿಯಲ್ಲಿ ಎದ್ದು ಕಾಣುವಂತೆ ಮುದ್ರಿಸಬೇಕೆಂಬುದು ನಮ್ಮ ವಾದ.

ಕೊಲೆಸ್ಟೆರಾಲು ನೀರಿನಲ್ಲಿ ಕರಗದು. ಆದುದರಿಂದ ಪ್ರೋಟೀನು ಸುತ್ತಿಕೊಂಡ ಸೂಕ್ಷ್ಮ ಕಣಗಳಲ್ಲಿ ಅಡಗಿ ರಕ್ತದಲ್ಲಿ ಸಂಚರಿಸುತ್ತದೆ. ಈ ಕಣಗಳಿಗೆ ಹೆಸರು ಬಂದುದು ಭೌತಶಾಸ್ತ್ರದ ದೆಸೆಯಿಂದ. ಎಲ್‌ಡಿಎಲ್ ಎಂದರೆ ಕಡಿಮೆ ಸಾಂದ್ರತೆಯ ಲಿಪೊಪ್ರೋಟೀನು. ಅದರ ಸಾಂದ್ರತೆ ಮಿಲಿಲೀಟರಿಗೆ 1.019ರಿಂದ 1.063 ಗ್ರಾಂ. ಎಚ್‌ಡಿಎಲ್ ಇದಕ್ಕಿಂತ ಹೆಚ್ಚು ಸಾಂದ್ರ, ವಿಎಲ್‌ಡಿಎಲ್ ಕಡಿಮೆ ಸಾಂದ್ರ. ಉಪ್ಪುನೀರಿನಲ್ಲಿ ಮೊಟ್ಟೆ ತೇಲುವುದನ್ನು ಕಂಡವರಿಗೆ ಇದರ ಮರ್ಮ ತಿಳಿಯುವುದು ಕಷ್ಟವಲ್ಲ. ರಕ್ತರಸಕ್ಕೆ ಲವಣ ಬೆರೆಸಿ, ಅತಿವೇಗದ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಗಂಟೆಗಟ್ಟಲೆ ತಿರುಗಿಸಿದರೆ ಕಣಗಳು ಸಾಂದ್ರತೆಗೆ ತಕ್ಕಂತೆ ಬೇರ್ಪಡುತ್ತವೆ.

ನಿತ್ಯದ ಪರೀಕ್ಷೆಗೆ ಇಷ್ಟು ಶ್ರಮ ಸಾಧ್ಯವೆ? 1972ರಲ್ಲಿ ಅಮೆರಿಕದ ಫ್ರೀಡ್‌ವಾಲ್ಡ್, ಲೆವಿ, ಫ್ರೆಡ್ರಿಕ್‌ಸನ್ ಎಂಬ ವಿಜ್ಞಾನಿಗಳು ಸುಲಭ ಸೂತ್ರವೊಂದನ್ನು ಪ್ರಕಟಿಸಿದರು. ಒಟ್ಟು ಕೊಲೆಸ್ಟೆರಾಲಿನಿಂದ ಎಚ್‌ಡಿಎಲ್ ಅಂಶವನ್ನೂ ಟ್ರೈಗ್ಲಿಸರೈಡಿನ ಐದನೆಯ ಒಂದು ಭಾಗವನ್ನೂ ಕಳೆದರೆ ಉಳಿಯುವುದೇ ಎಲ್‌ಡಿಎಲ್. ಡೆಸಿಲೀಟರಿಗೆ ಒಟ್ಟು 200 ಮಿಲಿಗ್ರಾಂ, ಎಚ್‌ಡಿಎಲ್ 45, ಟ್ರೈಗ್ಲಿಸರೈಡು 150 ಇದ್ದರೆ, 200 − 45 − 30 = 125. ಇಲ್ಲಿಯ 30 ಎಂಬುದು ವಿಎಲ್‌ಡಿಎಲ್ ಕೊಲೆಸ್ಟೆರಾಲಿನ ಅಂದಾಜು ಮಾತ್ರ. ಟ್ರೈಗ್ಲಿಸರೈಡು 400 ಮೀರಿದಾಗ ಈ ಅಂದಾಜು ಕೆಡುತ್ತದೆ; ಸೂತ್ರವನ್ನು ಬಳಸಲಾಗದು.

ಪ್ರಯೋಗಶಾಲೆಯಲ್ಲಿ ದೋಷದ ಲೆಕ್ಕ ಬರೆದ ವಿದ್ಯಾರ್ಥಿ ಇಲ್ಲಿ ಎಚ್ಚರಗೊಳ್ಳಬೇಕು. ಒಟ್ಟು ಅಳತೆಯಲ್ಲಿ ನೂರಕ್ಕೆ 3ರಷ್ಟು ತಪ್ಪಿದರೆ 6 ಮಿಲಿಗ್ರಾಂ ಆಯಿತು. ಆ ಆರೂ ಎಲ್‌ಡಿಎಲ್ ಮೇಲೆಯೇ ಬೀಳುತ್ತದೆ; 125ಕ್ಕೆ ಅದು ನೂರಕ್ಕೆ ಸುಮಾರು 5. ಉಳಿದೆರಡು ಅಳತೆಗಳ ದೋಷ ಬೇರೆ. ದೇಹದಲ್ಲಿಯೇ ದಿನದಿಂದ ದಿನಕ್ಕೆ ಆಗುವ ಏರಿಳಿತ ಬೇರೆ. ಹೀಗಿರುವಲ್ಲಿ 131 ಇದ್ದುದು 127ಕ್ಕೆ ಇಳಿದರೆ ಪಥ್ಯ ಫಲಿಸಿತೆಂದು ಹಿಗ್ಗುವುದೂ, 134ಕ್ಕೆ ಏರಿದರೆ ಔಷಧ ವ್ಯರ್ಥವೆಂದು ಬಿಡುವುದೂ ಅವಿವೇಕ.

ಹಾಗೆಂದು ಎಲ್‌ಡಿಎಲ್ ಲೆಕ್ಕಕ್ಕೆ ಬಾರದೆಂದು ನಾವು ಹೇಳುತ್ತಿಲ್ಲ. ರಕ್ತದಿಂದ ಅದನ್ನು ಜೀವಕೋಶಗಳು ಸೆಳೆದುಕೊಳ್ಳುವ ಬಗೆಯನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಈ ವ್ಯವಸ್ಥೆ ಹುಟ್ಟಿನಿಂದಲೇ ಕುಂದಿರುವವರಿಗೆ ಎಳೆಯ ವಯಸ್ಸಿನಲ್ಲಿಯೇ ಹೃದ್ರೋಗ ತಗಲುವುದುಂಟು. ವರದಿ 220 ತೋರಿಸಿದರೆ ಆರರ ದೋಷ ಯಾರನ್ನೂ ಕಾಪಾಡದು; ವೈದ್ಯರನ್ನು ಕಾಣಲೇಬೇಕು.

ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವ ರಾಸಾಯನಿಕ ವಿಧಾನಗಳೂ ಈಗ ಬಳಕೆಯಲ್ಲಿವೆ. ಒಬ್ಬರದೇ ಎರಡು ವರದಿಗಳಲ್ಲಿ ಒಂದು ಅಳತೆಯದು, ಇನ್ನೊಂದು ಲೆಕ್ಕದ್ದು ಆಗಿರಬಹುದು. ಆದುದರಿಂದ ಹೋಲಿಸುವ ಮುನ್ನ, ಇದು ಯಾವ ವಿಧಾನದ ಅಂಕಿಯೆಂದು ಪರೀಕ್ಷಾಲಯದವರನ್ನು ಕೇಳಿ. ಅದನ್ನು ತಿಳಿಸುವುದು ಅವರ ಕರ್ತವ್ಯ.