ಅವಾಗಿನ ರೇಸೇ ರೇಸು!

ಆಫೀಸಿನ ಊಟದ ಟೇಬಲ್ಲಿಗೆ ಫಾರ್ಮುಲಾ ಒನ್ ಬಂತೆಂದರೆ ಮುಗೀತು. ಯಾರಾದರೊಬ್ಬ 1976ರ ಹಳೇ ವಿಡಿಯೋ ಹಾಕಿ, "ಅವಾಗಿನ ರೇಸೇ ರೇಸು ಮಾರಾಯ, ಈಗ ಸೇಫ್ಟಿ ಅಂತ ಎಲ್ಲ ಸಪ್ಪೆ ಮಾಡಿಟ್ಟಿದಾರೆ" ಅಂತಾನೆ. ಹಂಟ್ 69, ಲೌಡಾ 68. ಒಂದೇ ಪಾಯಿಂಟು. ರೋಚಕ, ಒಪ್ಪಿದೆ. ಆದರೆ ಆ ವಿಡಿಯೋನ ಸ್ವಲ್ಪ ನಿಧಾನಕ್ಕೆ ನೋಡಿ ಸ್ವಾಮಿ.

ಆಗಸ್ಟ್ 1, ಜರ್ಮನಿಯ ನ್ಯೂರ್ಬರ್ಗ್‌ರಿಂಗ್. ಕಾಡು, ಗುಡ್ಡಗಳ ನಡುವೆ ಸುಮಾರು 23 ಕಿಲೋಮೀಟರಿನ ಒಂದು ಸುತ್ತು. ಇಲ್ಲಿ ರೇಸು ಬೇಡ ಅಂತ ಲೌಡಾ ಮೊದಲೇ ಹೇಳಿದ್ದ. ಉಳಿದ ಡ್ರೈವರುಗಳ ಬಹುಮತ ಸಿಗಲಿಲ್ಲ. ಎರಡನೇ ಸುತ್ತಿನಲ್ಲೇ ಅವನ ಫೆರಾರಿ ಹೊತ್ತಿ ಉರಿಯಿತು. ಎಳೆದು ಹೊರಗೆ ಹಾಕಿದವರು ಯಾರು? ಹಿಂದೆ ಬರುತ್ತಿದ್ದ ಡ್ರೈವರುಗಳು: ಮೆರ್ಜಾರಿಯೋ, ಎಡ್ವರ್ಡ್ಸ್, ಲಂಗರ್, ಎರ್ಟ್ಲ್. ಅಷ್ಟುದ್ದದ ಟ್ರ್ಯಾಕಿಗೆ ರಕ್ಷಣಾ ಸಿಬ್ಬಂದಿ ಎಲ್ಲಿಂದ ಸಾಲಬೇಕು! ಅವನನ್ನು ಆಸ್ಪತ್ರೆಗೆ ಸಾಗಿಸಿ, ರೇಸನ್ನು ಮತ್ತೆ ಮೊದಲಿಂದ ಓಡಿಸಿದರು.

ನನಗೆ ಇದು ಹೊಸ ದೃಶ್ಯವೇನಲ್ಲ. ನಮ್ಮ ಕುಂಬಾರವಾಡದ ಕಡೆ, ಉಳವಿ ರಸ್ತೆಯ ತಿರುವಿನಲ್ಲಿ ಬೈಕ್ ಬಿದ್ದರೂ ಎತ್ತೋದು ಹಿಂದಿನ ಗಾಡಿಯವರೇ. ಆಮೇಲೆ ನೆಟ್‌ವರ್ಕ್ ಸಿಗಬೇಕು, ಆಂಬುಲೆನ್ಸ್ ಬರಬೇಕು. ಅದನ್ನ ನಮ್ಮೂರಲ್ಲಿ ಯಾರೂ ರೋಚಕ ಅನ್ನಲ್ಲ.

ಆರೇ ವಾರಕ್ಕೆ ಲೌಡಾ ಬ್ಯಾಂಡೇಜಿನಲ್ಲೇ ಬಂದು ಮೊಂಜಾದಲ್ಲಿ ನಾಲ್ಕನೆಯವನಾದ. ಎಲ್ಲರೂ ಶೇರ್ ಮಾಡೋದು ಅದನ್ನೇ. ಕೊನೆಯ ರೇಸು ಜಪಾನಿನ ಫುಜಿಯಲ್ಲಿ, ಸುರಿಯೋ ಮಳೆ. ಮೂರು ಪಾಯಿಂಟ್ ಮುಂದಿದ್ದ ಲೌಡಾ ಎರಡು ಸುತ್ತು ಓಡಿಸಿ, ಕಾರು ನಿಲ್ಲಿಸಿ ಇಳಿದುಬಿಟ್ಟ. ಇಡೀ ಸೀಸನ್ನಿನಲ್ಲಿ ನಾನು ಹಿಂದಕ್ಕೆಳೆದು ಮತ್ತೆ ಮತ್ತೆ ನೋಡೋದು ಆ ಇಳಿಯೋದನ್ನ. ನಮ್ಮ ಟೇಬಲ್ಲಿನ ವೀರರು ಅಷ್ಟೊತ್ತಿಗೆ ಸ್ಕಿಪ್ ಮಾಡಿರ್ತಾರೆ.