ಕಂದು ಹಕ್ಕಿಯ ಚಿತ್ರವೂ ಬೇಕು

ಮಳೆಗಾಲ ಹಿಂದೆ ಸರಿಯುತ್ತಿದ್ದಂತೆ ಸಹ್ಯಾದ್ರಿಯ ಬಿದಿರುಮೆಳೆಗಳಿಗೂ ಕಾಡಂಚಿನ ಪೊದೆಗಳಿಗೂ ಗುಬ್ಬಿ ಗಾತ್ರದ ಅತಿಥಿಯೊಂದು ಬಂದಿಳಿಯುತ್ತದೆ. ಪಕ್ಷಿವೀಕ್ಷಕರು ಇದನ್ನು ರೋಸ್‌ಫಿಂಚ್ ಎನ್ನುತ್ತಾರೆ. ಹಿಮಾಲಯದ ಎತ್ತರಗಳಲ್ಲಿ, ಅದರಾಚೆ ಸೈಬೀರಿಯ, ಫಿನ್ಲೆಂಡ್‌ಗಳವರೆಗೂ ಬೇಸಿಗೆಯಲ್ಲಿ ಮರಿಮಾಡುವ ಈ ಹಕ್ಕಿ, ಚಳಿಗಾಲವನ್ನು ಭಾರತದಲ್ಲಿ ಕಳೆದು ಏಪ್ರಿಲ್ ವೇಳೆಗೆ ಮರಳುತ್ತದೆ. ಬಲಿತ ಗಂಡಿನ ತಲೆ, ಎದೆಗಳಿಗೆ ಕೆಂಡಸಂಪಿಗೆಯನ್ನೂ ನಾಚಿಸುವ ಗುಲಾಬಿಗೆಂಪು.

ಕ್ಯಾಮೆರಾ ಹಿಡಿದು ಬಂದವರೆಲ್ಲ ಅರಸುವುದು ಈ ಕೆಂಪನ್ನೇ. ಆದರೆ ಹೆಣ್ಣುಗಳೂ ಎಳೆಯ ಗಂಡುಗಳೂ ಮಾಸಲು ಕಂದು. ಗಂಡಿಗೆ ಕೆಂಪು ಮೂಡಲು ಒಂದು ವರ್ಷವಾದರೂ ಕಳೆಯಬೇಕು. ಕಂದು ಹಕ್ಕಿಯನ್ನು ಗುಬ್ಬಿಯೆಂದೋ ಗೀಜಗವೆಂದೋ ಭಾವಿಸಿ ಕೈಬಿಡುವುದರಿಂದ ಹಿಂಡಿನ ದೊಡ್ಡ ಪಾಲು ಲೆಕ್ಕಕ್ಕೇ ಸಿಗುವುದಿಲ್ಲ.

ಗುರುತಿಸುವುದು ಅಷ್ಟೇನೂ ಕಠಿಣವಲ್ಲ. ಹೆಣ್ಣುಗುಬ್ಬಿಗೂ ಹೆಣ್ಣು ಗೀಜಗಕ್ಕೂ ಕಣ್ಣಿನ ಮೇಲೆ ಹುಬ್ಬಿನಂತೆ ತಿಳಿಬಣ್ಣದ ಗೆರೆಯುಂಟು. ರೋಸ್‌ಫಿಂಚಿಗೆ ಅದಿಲ್ಲ, ಗೆರೆಯಿಲ್ಲದ ಮುಖದಲ್ಲಿ ಕರಿಮಣಿಯಂಥ ಕಣ್ಣೊಂದೇ ಎದ್ದು ಕಾಣುತ್ತದೆ. ಎದೆಯ ಮೇಲೆ ಕಂದು ಗೀರುಗಳು, ರೆಕ್ಕೆಯಲ್ಲಿ ಎರಡು ತೆಳು ಪಟ್ಟೆಗಳು, ಮೋಟಾದ ದಪ್ಪ ಕೊಕ್ಕು, ತುದಿ ಸೀಳಿದ ಬಾಲ. ಪಕ್ಕದಿಂದ ತೆಗೆದ ಒಂದು ಚಿತ್ರ, ಬಾಲ ಕಾಣುವ ಮತ್ತೊಂದು ಇದ್ದರೆ, ಕೊಂಚ ಮಸುಕಾಗಿದ್ದರೂ ತಜ್ಞರಿಗೆ ಅಷ್ಟು ಸಾಕು. ಬೆಳಕು ಹಕ್ಕಿಯ ಹಿಂದಿದ್ದರೆ ಕೆಂಪು ಸಹ ಕಪ್ಪಾಗಿ ತೋರುತ್ತದೆ. ಸೂರ್ಯನು ಚಿತ್ರ ತೆಗೆಯುವವರ ಬೆನ್ನಿಗಿರಬೇಕು. ಹಕ್ಕಿ ಹಾರಲೆಂದು ಪೊದೆಗೆ ಕಲ್ಲೆಸೆಯುವ ಚಾಳಿಯೊಂದಿದೆ. ಅಂಥವರ ಚಿತ್ರದಲ್ಲಿ ಉಳಿಯುವುದು ಖಾಲಿ ರೆಂಬೆ.

ದಿನಾಂಕ, ಸ್ಥಳ, ಸಂಖ್ಯೆ, ತಿನ್ನುತ್ತಿದ್ದ ಆಹಾರ ಇವಿಷ್ಟನ್ನು ಬರೆದಿಡದ ಚಿತ್ರ ಗೋಡೆಗಷ್ಟೇ ಅಲಂಕಾರ. ಬಿದಿರಕ್ಕಿ ಈ ಹಕ್ಕಿಗೆ ಬಲು ಪ್ರಿಯ. ಹೆಬ್ಬಿದಿರು ಒಮ್ಮೆ ಹೂಬಿಟ್ಟು ಅಕ್ಕಿ ಸುರಿಸಿ ಸತ್ತರೆ, ಅದೇ ಜಾಗದಲ್ಲಿ ಮತ್ತೆ ಹೂ ಕಾಣಲು ಹಲವು ದಶಕ ಕಾಯಬೇಕು. ಆ ವರ್ಷ ಬಂದ ಹಿಂಡನ್ನು ದಾಖಲಿಸಬಲ್ಲವರು ಆ ಮೆಳೆಯ ಪಕ್ಕದಲ್ಲೇ ದನ ಕಾಯುವವರು, ಅದೇ ದಾರಿಯಲ್ಲಿ ಶಾಲೆಗೆ ಹೋಗುವ ಮಕ್ಕಳು. ಭಾನುವಾರ ಬಂದು ಸಂಜೆಗೆ ಮರಳುವ ಪೇಟೆಯವರಿಂದ ಅದು ಆಗದು.

ಹಿಂಡು ಇಳಿಯುವ ಮರದ ಗುರುತನ್ನು ಮಾತ್ರ ಅಪರಿಚಿತರಿಗೆ ಹೇಳದಿರುವುದು ಲೇಸು. ಕಾಡುಹಕ್ಕಿಗಳನ್ನು ಹಿಡಿದು ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅಪರಾಧವಾದರೂ ಬಲೆಗಾರರು ಇಲ್ಲವಾಗಿಲ್ಲ. ಈ ಹಕ್ಕಿಯ ಕೆಂಪು, ಕಾಡಿನಲ್ಲಿ ತಿಂದ ಆಹಾರದ ವರ್ಣದ್ರವ್ಯಗಳಿಂದ ಮೂಡುವಂಥದು. ಪಂಜರದಲ್ಲಿ ಹಳೆಯ ಗರಿ ಉದುರಿ ಹೊಸದು ಬರುವಾಗ ಕೆಂಪು ಮಾಸಿಹೋಗುತ್ತದೆ.